ರಾಜೇಶ್ವರಿಯ ಟೋಪನ್ನಿಗೆ ಶಿವಪುತ್ರನ ಕತ್ತರಿ

ಉಕ್ಕಿನ ಪೈಪನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಕತ್ತರಿಸಿ ಕೂಡಿಸುವ ತನಗೆ ಕೂದಲನ್ನೇ ಕತ್ತರಿಸುವುದು ಯಾವ ಲೆಕ್ಕ ಎಂದು ಶಿವಪುತ್ರ ಆ ಶುಕ್ರವಾರ ಬೆಳಿಗ್ಗೆ ಹೆಂಡತಿಯೆದುರು ಘೋಷಿಸಿದ. "ಬರೋಬ್ಬರಿ ಹತ್ತು ನಿಮಿಷ. ನೀ ಸುಮ್ನ ಕುಂಡ್ರು, ಅಷ್ಟ."

ರಾಜೇಶ್ವರಿ ನಂಬಿದಳೋ ಇಲ್ಲವೋ, ಅವಳಿಗೆ ಬೇರೆ ದಾರಿಯಿರಲಿಲ್ಲ. ೧೯೯೬ರ ಬೇಸಿಗೆಯಲ್ಲಿ ಬಂದ ಟೈಫಾಯ್ಡ್ ಹೋಗುವಾಗ ಅವಳ ನೆತ್ತಿಯ ಕೂದಲನ್ನೂ ಕೊಂಡೊಯ್ದಿತ್ತು. ನಾಲ್ಕು ತಿಂಗಳಿಂದ ಅವಳು ಕೊಲ್ಲಿ ನಾಡಿನ ಮದೀನತ್ ಖಲೀಫಾ ಬಡಾವಣೆಯ ಆ ಮನೆಯ ಹೊಸ್ತಿಲು ದಾಟಿರಲಿಲ್ಲ. ಯಾರಾದರೂ ಬೆಲ್ ಒತ್ತಿದರೆ ತಲೆಯ ಮೇಲೆ ಸೆರಗೆಳೆದುಕೊಂಡು ಒಳಕೋಣೆ ಸೇರುತ್ತಿದ್ದಳು. ಆದರೆ ಈ ಸಂಜೆ ಅಲ್ ಅಜೀಜಿಯಾದಲ್ಲಿ ಗೆಳತಿ ಹಾಲವ್ವನ ಕುಬುಸದ ಕಾರ್ಯ. ಚೊಚ್ಚಲ ಬಸುರಿ, ತವರಿನವರೊಬ್ಬರೂ ಇಲ್ಲಿಲ್ಲ. ತಾಯಿಯ ಸ್ಥಾನದಲ್ಲಿ ನಿಂತು ಉಡಿ ತುಂಬುತ್ತೇನೆಂದು ರಾಜೇಶ್ವರಿ ಮಾತು ಕೊಟ್ಟಿದ್ದಳು.

ಹುಬ್ಬಳ್ಳಿಯ ಅಕ್ಕ ಕಳಿಸಿದ್ದ ಕೃತಕ ಕೂದಲಿನ ಟೋಪನ್ ನೆತ್ತಿಯನ್ನೇನೋ ಮುಚ್ಚುತ್ತಿತ್ತು. ಆದರೆ ಅದರ ಅಂಚು ಗುಡಿಸಲಿನ ಸೂರಿನಂತೆ ಸುತ್ತ ಜೋತುಬೀಳುತ್ತಿತ್ತು. ಅದನ್ನು ಕತ್ತರಿಸಿ ಅವಳ ಸ್ವಂತ ಕೂದಲಿನೊಳಗೆ ಬೆರೆಸಬೇಕು. ಸಲೂನಿಗೆ ಮಾತ್ರ ಅವಳು ಸುತರಾಂ ಒಲ್ಲೆ ಎಂದಳು. ಏನಾಯಿತು ಎಂದು ಅಲ್ಲಿಯವರು ಕೇಳಿದರೆ ಏನು ಹೇಳುವುದು?

ಶಿವಪುತ್ರ ನೆಲಕ್ಕೆ ಪೇಪರು ಹಾಸಿದ, ಹೆಂಡತಿಯನ್ನು ಸ್ಟೂಲಿನ ಮೇಲೆ ಕೂರಿಸಿದ, ಸ್ಟೀಲ್ ಪಟ್ಟಿ ಹಿಡಿದು ಅಳತೆ ತೆಗೆದ. ಬಲಗಡೆ ಅಚ್ಚುಕಟ್ಟಾಗಿ ಕೂತಿತು. ಆ ಹೆಮ್ಮೆಯಲ್ಲೇ ಎಡಗಡೆಯ ಒಂದು ಗೊಂಚಲನ್ನು ಬಾಚಣಿಗೆಯಿಂದೆತ್ತಿ ಕತ್ತರಿ ಆಡಿಸಿದ. ಕೈಗೆ ಬಂದ ಗೊಂಚಲು ಜಿಡ್ಡಾಗಿತ್ತು. ಕೊಬ್ಬರಿ ಎಣ್ಣೆಯ ವಾಸನೆ ಹೊಡೆಯುತ್ತಿತ್ತು. ಟೋಪನ್ನಿಗೆ ಯಾರು ಎಣ್ಣೆ ಹಚ್ಚುತ್ತಾರೆ?

ರಾಜೇಶ್ವರಿ ಎಡಗಿವಿಯ ಮೇಲೆ ಕೈಯಾಡಿಸಿದಳು.

"ಅದು ಟೋಪನ್ನಿಂದಲ್ರೀ," ಎಂದಳು ಮೆಲ್ಲಗೆ. "ನಂದು."

ಅಲ್ಲಿಗಾದರೂ ಅವನು ಕತ್ತರಿ ಕೆಳಗಿಟ್ಟಿದ್ದರೆ ಆಗುತ್ತಿತ್ತು. ಸಮ ಮಾಡುತ್ತೇನೆಂದು ಸುತ್ತಲಿನದನ್ನು ಚೂರು ತೆಗೆದ, ಬೋಳು ಅಗಲವಾಯಿತು. ಅದನ್ನು ಮುಚ್ಚಲು ಟೋಪನ್ನನ್ನೇ ಎಡಕ್ಕೆ ಸರಿಸಿದ, ಬೈತಲೆ ಕಿವಿಯ ಹತ್ತಿರ ಬಂದು ನಿಂತಿತು. ಹೆಂಡತಿ ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ. ಮತ್ತೆ ಜ್ವರ ಬಂದಿದೆಯೆಂದು ಹಾಲವ್ವನಿಗೆ ಫೋನು ಮಾಡಿ ಹೇಳಿಬಿಡಿ ಎಂದು ಸೆರಗು ಹೊದ್ದುಕೊಂಡು ಗೋಡೆಯ ಕಡೆ ಮುಖ ಮಾಡಿದಳು.

ಶಿವಪುತ್ರ ರಿಸೀವರ್ ಎತ್ತಿದ. ನಂಬರು ಒತ್ತಲು ಬೆರಳು ಬರಲಿಲ್ಲ. ಕೊಯ್ದ ಗೊಂಚಲನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಅವಳೆದುರು ಬಂದು ನಿಂತ.

"ಏಳು. ಬೈಯೋದಿದ್ರ ಕಾರಿನಾಗ ಬೈ."

ಕಾರು ನಿಂತದ್ದು ಮಧ್ಯಾಹ್ನದ ನಮಾಜಿನ ಮೇಲೆ ತೆರೆಯುವ ಹೆಂಗಸರ ಸಲೂನಿನ ಮುಂದೆ. ಅದನ್ನು ಉಡುಪಿ ಕಡೆಯ ಎಡ್ನಾ ಬಾಯಿ ನಡೆಸುತ್ತಿದ್ದಳು. ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ಚೀಲವನ್ನು ಹೆಂಡತಿಯ ಕೈಗಿತ್ತು ಶಿವಪುತ್ರ ಬಾಗಿಲ ಹೊರಗೆ ಬಿಸಿಲಿನಲ್ಲಿ ನಿಂತ. ಸ್ವಲ್ಪ ಹೊತ್ತಿಗೆ ಎಡ್ನಾಳ ದನಿ ಕೇಳಿಸಿತು.

"ಎಂತಾಯ್ತು ಮಾರಾಯ್ರೆ, ಇದು?"

ಯಾವ ಪ್ರಶ್ನೆಗೆ ಹೆದರಿ ಅವಳು ನಾಲ್ಕು ತಿಂಗಳು ಮನೆಯೊಳಗೆ ಕೂತಿದ್ದಳೋ ಅದೇ ಪ್ರಶ್ನೆ. ಶಿವಪುತ್ರ ತಲೆ ತಗ್ಗಿಸಿದ.

"ನೆತ್ತಿ ಮ್ಯಾಲಿಂದು ಟೈಫಾಯ್ಡ್ ತಗೊಂಡು ಹೋತ್ರಿ," ಎಂದಳು ರಾಜೇಶ್ವರಿ. "ಉಳಿದಿದ್ದು ನಮ್ಮನಿಯವ್ರು."

ಒಳಗೆ ಐದಾರು ಹೆಂಗಸರು ಒಟ್ಟಿಗೇ ನಕ್ಕರು. ಎಲ್ಲರ ನಡುವೆ ಒಂದು ನಗೆಯನ್ನು ಶಿವಪುತ್ರ ಗುರುತು ಹಿಡಿದ. ಜ್ವರ ಬಂದಾಗಿನಿಂದ ಅದನ್ನು ಅವನು ಕೇಳಿರಲಿಲ್ಲ. ಬಿಸಿಲಿನಲ್ಲಿ ನಿಂತಿದ್ದವನ ಕಣ್ಣು ಮಂಜಾಯಿತು.

ಒಂದು ಗಂಟೆಯ ಮೇಲೆ ಅವಳು ಸೆರಗನ್ನು ಹೆಗಲ ಮೇಲಷ್ಟೇ ಬಿಟ್ಟುಕೊಂಡು ಹೊರಗೆ ಬಂದಳು. ಅವನು ಎಡಕ್ಕೆ ಬಾಗಿ ನೋಡಿದ, ಬಲಕ್ಕೆ ಬಾಗಿ ನೋಡಿದ. ಕೊಯ್ದ ಗೊಂಚಲು ಎಡಗಿವಿಯ ಮೇಲೆ ಮತ್ತೆ ಕೂತಿತ್ತು, ಬೆಸುಗೆ ಎಲ್ಲಿದೆಯೆಂದು ತಿಳಿಯಲಿಲ್ಲ. ಮುಟ್ಟಿ ನೋಡೋಣವೆಂದು ಕೈ ಚಾಚಿದ.

ರಾಜೇಶ್ವರಿ ಒಂದು ಹೆಜ್ಜೆ ಹಿಂದೆ ಸರಿದಳು.

"ಕಣ್ಣೀಲೆ ನೋಡ್ರಿ ಸಾಕು," ಎಂದಳು. "ಕೈ ಬ್ಯಾಡ."