ಮೂರಿಂಚು ಹೆಚ್ಚಿಗೆ ಬಿಟ್ಟ ಅಡುಗೆಕಟ್ಟೆ

"ಮೂವತ್ತು ವರ್ಷದಲ್ಲಿ ನನ್ನ ಅಳತೆ ಒಂದು ನೂಲಿನಷ್ಟೂ ತಪ್ಪಿಲ್ಲ! ಅಡುಗೆಮನೆ ಯಾವ ಮಹಾ?" ಎಂದು ಟೇಪುರಾಯರು ಘೋಷಿಸಿದರು. ಊಟಕ್ಕೆ ಕೂತಾಗಲೂ ಕುತ್ತಿಗೆಯಿಂದ ಅಳತೆ ಟೇಪು ಇಳಿಸದ ದರ್ಜಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಅದು. ಆಳು ಆರಡಿ, ಜಂಬ ಅದಕ್ಕಿಂತ ಒಂದಡಿ ಜಾಸ್ತಿ.

ಗಿಡ್ಡ ಆಳಾದ ಹೆಂಡತಿಗೆ ಬೇಕಾಗಿದ್ದದ್ದು ಒಂದೇ. ಒಡೆಸಿ ಹೊಸದು ಕಟ್ಟಿಸಲು ಹೊರಟಿದ್ದ ಹಳೇ ಅಡುಗೆಕಟ್ಟೆ ಆಕೆಗೂ ತಗ್ಗು. ಹದಿನೆಂಟು ವರ್ಷ ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗಿತ್ತು. ನೆಟ್ಟಗೆ ನಿಂತು ಒಂದು ಹೊತ್ತಿನ ಅಡುಗೆ ಮಾಡಬೇಕು, ಅಷ್ಟೇ ಆಸೆ.

"ಕಲ್ಲು, ಬಣ್ಣ, ಡ್ರಾಯರು ನಿನ್ನವು. ಅಳತೆ ನನ್ನದು," ಎಂದು ರಾಯರು ಮಂತ್ರಿಮಂಡಲದ ಖಾತೆ ಹಂಚಿದರು.

ಅಂಗಡಿಗೆ ಹೋದಾಗ ಆಕೆ ತನ್ನ ಖಾತೆಯನ್ನು ಹತ್ತೇ ನಿಮಿಷದಲ್ಲಿ ಮುಗಿಸಿದಳು. ಕಲೆ ಕಾಣದ ಕರಿ ಗ್ರಾನೈಟು, ನೀರು ಬಿದ್ದರೂ ಜಾರದ ಒರಟು ಟೈಲ್ಸು, ಎಳೆದರೆ ಪೂರ್ತಿ ಹೊರಬರುವ ಡ್ರಾಯರು. ರಾಯರು ಸುಮ್ಮನಿರಬೇಕಲ್ಲ! ಗ್ರಾನೈಟಿನ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, "ತೊಳೆದರೆ ಕುಗ್ಗುತ್ತೇನ್ರೀ?" ಎಂದರು.

"ಸಾರ್, ಇದು ಬೆಟ್ಟದಲ್ಲಿ ಸಾವಿರಾರು ವರ್ಷ ಮಳೆಗೆ ನೆಂದೇ ಬಂದಿರೋದು," ಎಂದ ಅಂಗಡಿಯವನು.

ಮನೆಗೆ ಬಂದ ಮೇಲೆ ಹೆಂಡತಿ ಗೋಡೆಗೊರಗಿ ನಿಂತಳು. "ಬನ್ನಿ, ನನ್ನ ಮೊಣಕೈ ಎಷ್ಟಕ್ಕೆ ಬರತ್ತೆ ಅಳೀರಿ."

"ನಿನ್ನನ್ನ ಅಳೆಯೋಕೆ ಟೇಪು ಬೇಕೇನೇ? ಕಣ್ಣಳತೆ ಸಾಕು!"

ಮೊಣಕೈಗಿಂತ ಒಂದು ಗೇಣು ಕೆಳಗೆ, ಕಲ್ಲೂ ಸೇರಿ ಕಟ್ಟೆಗೆ ಮೂವತ್ತೆರಡಿಂಚು ಎಂದು ಕಣ್ಣು ಅಂದಿತು. ಸರಿಯಾಗಿಯೇ ಅಂದಿತು, ಪಾಪ! ಆದರೆ ಕೈ ಕೇಳಬೇಕಲ್ಲ? ಉದ್ದವಾದರೆ ಮಡಚಬಹುದು, ಗಿಡ್ಡವಾದರೆ ಎಳೆಯಲಾಗದು ಎಂಬುದು ರಾಯರ ಅಂಗಡಿಯ ಧರ್ಮ. ಹುಟ್ಟುಗುಣ ಸುಟ್ಟರೂ ಹೋಗದು. ಮೂರಿಂಚು ಹೆಚ್ಚಿಗೆ ಬಿಟ್ಟು, ಚೀಟಿಯಲ್ಲಿ ಮೂವತ್ತೈದು ಎಂದು ಬರೆದರು.

ಗಾರೆ ಮೇಸ್ತ್ರಿ ಚೀಟಿ ನೋಡಿ ತಲೆ ಕೆರೆದುಕೊಂಡ. "ಸಾರ್, ಇದು ಮೇಲಿನ ಕಲ್ಲು ಸೇರಿಸಿಯೋ, ಬಿಟ್ಟೋ?"

"ಚೀಟೀಲಿ ಇದ್ದಷ್ಟು ಕಟ್ಟಪ್ಪಾ! ಅಳತೆ ವಿಷಯದಲ್ಲಿ ನನಗೇ ಪಾಠವೇ?"

ಮೇಸ್ತ್ರಿ ಇದ್ದಷ್ಟು ಕಟ್ಟಿದ. ಅದರ ಮೇಲೆ ಗಾರೆ, ಕಲ್ಲು ಸೇರಿ ಇನ್ನೆರಡೂವರೆ ಇಂಚು ಏರಿತು. ಅದರ ಮೇಲೆ ಒಲೆ, ಒಲೆಯ ಮೇಲೆ ಪಾತ್ರೆ. ಹೆಂಡತಿ ಮುಂದೆ ಹೋಗಿ ನಿಂತರೆ ಪಾತ್ರೆಯ ಅಂಚು ಗದ್ದಕ್ಕೆ ಬಂತು!

"ಇದೇನ್ರೀ ಇದು? ಒಳಗೆ ಏನು ಬೇಯ್ತಿದೆ ಅಂತ ನೋಡೋಕೆ ಏಣಿ ಹತ್ತಬೇಕಲ್ಲ!" ಸೌಟು ಎತ್ತಿ ಎರಡು ಸುತ್ತು ತಿರುಗಿಸುವಷ್ಟರಲ್ಲಿ ಸೊಂಟದ ನೋವು ಹೆಗಲಿಗೆ ಬಡ್ತಿ ಪಡೆಯಿತು. ಆಕೆಯ ಕಣ್ಣಲ್ಲಿ ನೀರು ಬಂತು. ರಾಯರು ಓಡಿ ಬಂದರು.

"ಅಳಬೇಡ ಕಣೇ. ಹೆಚ್ಚಾಗಿರೋದು ಐದೂವರೆ ಇಂಚು ತಾನೇ? ಮಡಚಿಬಿಡೋಣ," ಎಂದು ಬಾಯಿ ತಪ್ಪಿ ಬಂತು.

"ಆ ಕಡೆ ತುದಿ ಹಿಡ್ಕೊಳ್ಳಿ ಸಾರ್," ಎಂದ ಮೇಸ್ತ್ರಿ, "ಈ ಕಡೇದು ನಾನು ಹಿಡೀತೀನಿ."

ಹೆಂಡತಿ ಕಣ್ಣೊರೆಸಿಕೊಂಡಳು. ಗಂಡನ ಕುತ್ತಿಗೆಯಿಂದ ಟೇಪನ್ನು ಸರ್ರನೆ ಎಳೆದು, ಅವರನ್ನೇ ಕಟ್ಟೆಯ ಮುಂದೆ ನಿಲ್ಲಿಸಿ, ಮೊಣಕೈಗೂ ಕಲ್ಲಿಗೂ ಟೇಪು ಹಿಡಿದು ನೋಡಿದಳು. "ಎಲ್ಲೂ ಬಿಗಿಯಿಲ್ಲ, ಎಲ್ಲೂ ಸಡಿಲಿಲ್ಲ. ನಿಮಗೇ ಹೊಲಿಸಿದ ಹಾಗಿದೆ!"

"ಒಡೆಸಿ ಮತ್ತೆ ಕಟ್ಟಿಸೋಣ ಬಿಡೇ..."

"ನಿಮ್ಮ ಅಂಗಡಿ ಬೋರ್ಡಿನಲ್ಲಿ ಏನು ಬರ್ಸಿದೀರಿ?"

ರಾಯರು ಪಾಠ ಒಪ್ಪಿಸುವ ಹುಡುಗನಂತೆ ತಲೆ ತಗ್ಗಿಸಿದರು. "ಒಮ್ಮೆ ಕತ್ತರಿಸಿದ ಮೇಲೆ ವಾಪಸ್ ಇಲ್ಲ."

"ಹಾಗಾದ್ರೆ ಸೌಟು ಹಿಡೀರಿ."

ಅಂದಿನಿಂದ ಅಡುಗೆ ರಾಯರದು. ಮೊದಲ ದಿನ ಹೆಂಡತಿ ಕುರ್ಚಿಯಲ್ಲಿ ನೆಟ್ಟಗೆ ಕೂತು ಒಂದು ತುತ್ತು ಬಾಯಿಗಿಟ್ಟಳು. ರಾಯರು ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಆಕೆ ನೀರಿನ ಲೋಟಕ್ಕೆ ಕೈ ಚಾಚುತ್ತಾ ಹೇಳಿದಳು: "ಉಪ್ಪಿಗೂ ಮೂರಿಂಚು ಹೆಚ್ಚಿಗೆ ಬಿಟ್ಟಿದೀರಲ್ರೀ! ಇದನ್ನ ಎಲ್ಲಿ ಮಡಚಲಿ?"