ಸೊನ್ನೆ ನೀರಿನ ವ್ಯಾನು

ಮನುಷ್ಯನಿಗೆ ಗಾಜಿನ ಮೇಲೆ ಇಷ್ಟೊಂದು ಮೋಹ ಯಾಕೆ ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಅದರಲ್ಲೂ ನಮ್ಮ ಬಳ್ಳಾರಿಯವರಿಗೆ. ಬೆಳಿಗ್ಗೆ ಒರೆಸಿಟ್ಟ ಸ್ಕೂಟರಿನ ಸೀಟಿನ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದು, ಅಷ್ಟು ಕೆಂಪು ಧೂಳು ಕೂರುವ ಊರು ಇದು. ಇಂಥ ಊರಿನಲ್ಲಿ ಮನೆ ಕಟ್ಟಿಸುವವರು ಗೋಡೆಯನ್ನು ಆದಷ್ಟು ಕಡಿಮೆ ಮಾಡಿ ಉಳಿದ ಜಾಗಕ್ಕೆಲ್ಲ ನೀಲಿ ಗಾಜು ಕೂಡಿಸುತ್ತಾರೆ. ಕೂಡಿಸಿದ ಮೇಲೆ ಬಿಸಿಲು ಬರುತ್ತದೆಂದು ಒಳಗಿನಿಂದ ದಪ್ಪ ಪರದೆ ಹಾಕುತ್ತಾರೆ. ಆಮೇಲೆ ಧೂಳು ಕೂತು, ಗಾಜು ಯಾವುದು ಗೋಡೆ ಯಾವುದು ಎಂದು ಗೊತ್ತಾಗದ ಹೊತ್ತಿಗೆ, ಬೀದಿಗೆ ಬಂದು ಸೊಂಟದ ಮೇಲೆ ಕೈ ಇಟ್ಟುಕೊಂಡು ಮೇಲಕ್ಕೆ ನೋಡುತ್ತಾರೆ. ಹಾಗೆ ಮೇಲಕ್ಕೆ ನೋಡುವವರನ್ನು ನೋಡಿ ನೋಡಿಯೇ ನನ್ನ ತಲೆ ಕೆಟ್ಟಿತು.

ನಾನು ಕೌಲ್ ಬಜಾರಿನಲ್ಲಿ ಫೋಟೋಗಳಿಗೆ ಕಟ್ಟು ಹಾಕಿಕೊಡುವ ಅಂಗಡಿ ಇಟ್ಟುಕೊಂಡಿದ್ದವನು. ಒಂದು ಕಾಲದಲ್ಲಿ ಮದುವೆ, ನಾಮಕರಣ, ದೇವರು ದಿಂಡರು ಎಲ್ಲರೂ ನನ್ನ ಗಾಜಿನ ಹಿಂದೆಯೇ ಕೂರುತ್ತಿದ್ದರು. ಫೋಟೋಗಳೆಲ್ಲ ಫೋನಿನೊಳಗೆ ಹೊಕ್ಕ ಮೇಲೆ, ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದವರಷ್ಟೇ ಅಂಗಡಿಯ ಮೆಟ್ಟಿಲು ಹತ್ತತೊಡಗಿದರು. ದಾರಿಯಲ್ಲಿ ಸಿಕ್ಕ ಹಿರಿಯರನ್ನು "ಹೆಂಗದೀರಿ?" ಎಂದು ಕೇಳಿ, ಅವರು "ಆರಾಮ ಅದೀನಿ" ಎಂದರೆ ನನಗೆ ಒಳಗೊಳಗೇ ಸಣ್ಣ ಬೇಸರವಾಗುತ್ತಿತ್ತು. ಇಂಥ ಬುದ್ಧಿ ಬಂದ ಮೇಲೆ ಅಂಗಡಿ ಮುಚ್ಚುವುದೇ ಮರ್ಯಾದೆ ಎಂದು ಮುಚ್ಚಿದೆ. ಮುಚ್ಚಿ ಮನೆಯಲ್ಲಿ ಕೂತು ಫೋನು ತಿಕ್ಕುತ್ತಿದ್ದಾಗ ಅದರಲ್ಲಿ ಒಬ್ಬ ವಿದೇಶಿ ಕಾಣಿಸಿಕೊಂಡ. ಅವನು ನೆಲದ ಮೇಲೆ ಆರಾಮಾಗಿ ನಿಂತುಕೊಂಡು, ಉದ್ದನೆಯ ಕೋಲೊಂದನ್ನು ಮೇಲಕ್ಕೆ ಚಾಚಿ, ಮೂರನೇ ಮಹಡಿಯ ಕಿಟಕಿ ತೊಳೆಯುತ್ತಿದ್ದ. ಏಣಿಯಿಲ್ಲ, ಹಗ್ಗವಿಲ್ಲ, ಕೈಯಲ್ಲೊಂದು ಬಟ್ಟೆಯೂ ಇಲ್ಲ. ಇದು ನನಗಾಗಿಯೇ ಹುಟ್ಟಿದ ಕೆಲಸ ಎಂದು ಆ ಕ್ಷಣವೇ ತೀರ್ಮಾನಿಸಿದೆ.

ಏನೂ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ವ್ಯಾನಿನೊಳಗೆ ನೀರಿನ ಟ್ಯಾಂಕು, ಅದಕ್ಕೊಂದು ಬ್ಯಾಟರಿ ಪಂಪು. ಪಂಪಿನಿಂದ ಹೊರಟ ಪೈಪು ಕೋಲಿನ ಹೊಟ್ಟೆಯೊಳಗೇ ಹಾದು ತುದಿಯ ಬ್ರಷ್ಷಿಗೆ ಹೋಗುತ್ತದೆ. ಬ್ರಷ್ಷು ಉಜ್ಜುತ್ತದೆ, ನೀರು ತೊಳೆಯುತ್ತದೆ. ಗುಟ್ಟೆಲ್ಲ ಇರುವುದು ಆ ನೀರಿನಲ್ಲಿ. ಅದರೊಳಗಿನ ಉಪ್ಪು, ಸುಣ್ಣ ಎಲ್ಲವನ್ನೂ ಫಿಲ್ಟರುಗಳಲ್ಲಿ ಹಾಯಿಸಿ ತೆಗೆದುಬಿಟ್ಟಿರುತ್ತಾರೆ. ಪೆನ್ನಿನಂಥ ಒಂದು ಮೀಟರನ್ನು ಅದ್ದಿದರೆ ಸೊನ್ನೆ ತೋರಿಸಬೇಕು. ಅಂಥ ನೀರು ಗಾಜಿನ ಮೇಲೆ ತಾನಾಗಿಯೇ ಒಣಗುತ್ತದೆ, ಒಂದು ಕಲೆಯನ್ನೂ ಬಿಡುವುದಿಲ್ಲ. ಒರೆಸುವ ಕೆಲಸವೇ ಇಲ್ಲ. ಇದನ್ನು ನಾನು ಸತ್ಯನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಕಂಡಕಂಡವರಿಗೆಲ್ಲ ವಿವರಿಸಿದೆ. ಎಲ್ಲರೂ ತಲೆಯಾಡಿಸಿ, "ಒರಸಾಂಗಿಲ್ಲ ಅಂದ್ರ ಅದೆಂಥ ತೊಳ್ಯೂದ್ರಿ?" ಎಂದು ಕೇಳಿ ಹೋದರು.

ವ್ಯಾನು ಹಳೆಯದು. ಹಿಂದೆ ಶಾಲೆಯ ಮಕ್ಕಳನ್ನು ಹೊತ್ತು ತಿರುಗುತ್ತಿದ್ದದ್ದು. ಹಿಂದಿನ ಸೀಟುಗಳನ್ನು ಕಿತ್ತಾಗ ಅದರ ಕೆಳಗಿನಿಂದ ರಬ್ಬರಿನ ತುಂಡುಗಳು, ಒಂಟಿ ಸಾಕ್ಸುಗಳು ಮತ್ತು ಯಾರೋ ತಿನ್ನಲಾಗದೆ ಬಚ್ಚಿಟ್ಟ ಉಪ್ಪಿಟ್ಟು ಹೊರಬಂದವು. ಟ್ಯಾಂಕು ಅಲ್ಲಾಡದಂತೆ ಕಬ್ಬಿಣದ ಚೌಕಟ್ಟು ಮಾಡಿಸಲು ಕೌಲ್ ಬಜಾರಿನ ಹಳೆಯ ಪರಿಚಯದ ವೆಲ್ಡರ್ ಖಾಜಾಸಾಬರ ಹತ್ತಿರ ಒಯ್ದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ಗಾಜು ತೊಳ್ಯಾಕ ಇಷ್ಟೆಲ್ಲ ಯಾಕ ಮಾಲಕ್? ಒಂದು ಬಕೀಟು ಸಾಲಂಗಿಲ್ಲೇನು?" ಎಂದರು. ವ್ಯಾನು ಕೊಂಡಾಗಿತ್ತು, ಆದ್ದರಿಂದ ನಾನು ಚೌಕಟ್ಟಿನ ಅಳತೆ ಹೇಳಿದೆ.

ಮೊದಲ ಪ್ರಯೋಗವನ್ನು ನಮ್ಮ ಮನೆಯ ಮುಂದೆಯೇ ಮಾಡಿದೆ. ಕೋಲನ್ನು ಪೂರ್ತಿ ಚಾಚಿದಾಗ ಅದಕ್ಕೆ ತನ್ನದೇ ಆದ ಮನಸ್ಸು ಬರುತ್ತದೆಂದು ವಿಡಿಯೋದಲ್ಲಿ ಯಾರೂ ಹೇಳಿರಲಿಲ್ಲ. ಕೆಳಗೆ ನಾನು ಎಡಕ್ಕೆ ಒಂದು ಗೇಣು ಸರಿದರೆ ಮೇಲೆ ಅದು ಪಕ್ಕದ ಮನೆಗೇ ಹೋಗುತ್ತಿತ್ತು. ಪಕ್ಕದ ಮನೆಯ ತಾರಸಿಯ ಮೇಲೆ ಸಂಡಿಗೆ ಒಣಹಾಕಿದ್ದರು. ಆ ಸಂಡಿಗೆಗಳಿಗೆ ಅತ್ಯಂತ ಶುದ್ಧವಾದ ನೀರು ಬಿತ್ತು ಎಂಬುದನ್ನು ಆ ಮನೆಯವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಲ್ಲಿ ನೀರು ಬಾರದ ದಿನ ಮಾತ್ರ ಓಣಿಯವರೆಲ್ಲ ಕೊಡ ಹಿಡಿದು ವ್ಯಾನಿನ ಹತ್ತಿರ ಬಂದರು. ಕುಡಿದು ನೋಡಿದ ಒಬ್ಬರನ್ನು ಹೇಗಿದೆ ಎಂದು ಕೇಳಿದ್ದಕ್ಕೆ, "ನೀರಿನಂಗ ಇಲ್ರಿ" ಎಂದು ಕೊಡ ಅಲ್ಲೇ ಚೆಲ್ಲಿ ಹೋದರು. ಹೀಗೆ ವ್ಯಾನು ಎಲ್ಲ ರೀತಿಯಲ್ಲೂ ಸಿದ್ಧವಾಗಿ ನಿಂತಿತು. ಗಿರಾಕಿಯೊಬ್ಬ ಬರುವುದಷ್ಟೇ ಬಾಕಿ ಇತ್ತು.

ಗಿರಾಕಿಯನ್ನು ತಂದವಳು ನನ್ನ ಹೆಂಡತಿ ಶಿವಲೀಲಾ. ಅವಳ ತವರು ಸಿರುಗುಪ್ಪ. ತಮ್ಮ ವೀರೇಶ ಅಲ್ಲಿ ಅಕ್ಕಿ ಗಿರಣಿ ನಡೆಸುತ್ತಾನೆ, ಮೂರು ಮಹಡಿಯ ಹೊಸ ಮನೆ ಕಟ್ಟಿಸಿದ್ದ. ಮುಂಭಾಗವೆಲ್ಲ ಗಾಜು ಎಂದು ಬೇರೆ ಹೇಳಬೇಕಾಗಿಲ್ಲ. ಗಿರಣಿಯ ತೌಡಿನ ಧೂಳೆಲ್ಲ ಅದರ ಮೇಲೆ ಕೂತಿತ್ತು. ಗೃಹಪ್ರವೇಶದ ಹಿಂದಿನ ದಿನ ಗಾಜು ತೊಳೆಸಲು ಅವನು ಯಾರನ್ನೋ ಕರೆಸುವುದರಲ್ಲಿದ್ದಾಗ ಇವಳು ತಡೆದಿದ್ದಳು. ಇದರ ಹಿಂದೆ ಹಳೆಯ ನೋವಿದೆ. ಅವಳ ತವರಿನಲ್ಲಿ ನಾನು ಎಂದೆಂದಿಗೂ 'ಫೋಟೋ ಕಟ್ಟು ಹಾಕಾಂವ'. ಅವಳ ದೊಡ್ಡವ್ವನಂತೂ ನನ್ನನ್ನು ಕಂಡಾಗಲೆಲ್ಲ, "ಪಾಪ, ನಮ್ಮ ಹುಡುಗಿ" ಎಂದು ಗಾಳಿಗೆ ಹೇಳುತ್ತಾರೆ. ಶಿವಲೀಲಾ ಅದನ್ನೆಲ್ಲ ನುಂಗಿಕೊಂಡೇ ಬಂದವಳು. ಈ ಸಲ ನನ್ನನ್ನು ಕೂಡಿಸಿ ಹೇಳಿದಳು: "ರೀ, ನಾನು ನಮ್ಮ ಮಂದಿಗೆ ಮಾತು ಕೊಟ್ಟೀನಿ. ನಿಮ್ಮ ಮಾಮಾರು ವ್ಯಾನ್ ತರ್ತಾರ, ಗಾಜು ಕನ್ನಡಿ ಆಗ್ತಾವ ಅಂತ ಹೇಳೀನಿ. ಅದೇನರ ಕೆಟ್ರ ನಾನು ಇನ್ನ ತವರುಮನಿ ಹೊಸ್ತಿಲ ತುಳ್ಯಾಂಗಿಲ್ಲ." ಅವಳು ಹೆದರಿಸಲಿಲ್ಲ, ಸುಮ್ಮನೆ ಹೇಳಿದಳು. ಆದ್ದರಿಂದಲೇ ನನಗೆ ನಿಜವಾಗಿ ಹೆದರಿಕೆಯಾಯಿತು.

ಹೊರಡುವ ದಿನ ಟ್ಯಾಂಕು ತುಂಬಿ, ಮೀಟರು ಅದ್ದಿ, ಸೊನ್ನೆ ಬಂದದ್ದನ್ನು ಎಲ್ಲರಿಗೂ ತೋರಿಸಿದೆ. ನಮ್ಮ ಅವ್ವ ಕನ್ನಡಕ ಏರಿಸಿಕೊಂಡು ನೋಡಿದಳು.

"ಸೊನ್ನಿ ಅಂದ್ರ?"

"ನೀರಿನಾಗ ಏನೂ ಇಲ್ಲ ಅಂತ ಅರ್ಥ."

"ಏನಂದ್ರ ಏನೂ ಇಲ್ಲ?"

"ಏನೂ ಇಲ್ಲ."

ಅವ್ವನ ಮುಖ ಸಣ್ಣದಾಯಿತು. ಶುಭಕಾರ್ಯದ ಮನೆಗೆ ಬರಿದಾದದ್ದನ್ನು ಒಯ್ಯುವ ವಂಶ ನಮ್ಮದಲ್ಲ. ಬುಟ್ಟಿ ಕೊಟ್ಟರೆ ಅದರಲ್ಲೊಂದು ಹಿಡಿ ಅಕ್ಕಿ, ಕೊಡ ಕೊಟ್ಟರೆ ಅದರಲ್ಲೊಂದು ಅಡಿಕೆ ಇರಲೇಬೇಕು. ಕೈಗಡ ತಂದ ಪಾತ್ರೆಯನ್ನು ಹಿಂದಿರುಗಿಸುವಾಗಲೂ ಅವ್ವ ಅದರಲ್ಲಿ ನಾಲ್ಕು ಕಾಳು ಸಕ್ಕರೆ ಹಾಕುವವಳು. "ಏನೂ ಇಲ್ಲದ್ದು ತಗೊಂಡು ಹೊಸ ಮನಿಗೆ ಹೊಂಟೀವೇನು?" ಎಂದು ಕೇಳಿದಳು. ನಾನು ವಿಜ್ಞಾನ ಹೇಳಿದೆ. ಅವಳು ಮಾತಾಡಲಿಲ್ಲ. ಅವ್ವ ಮಾತಾಡದಿದ್ದರೆ ಒಪ್ಪಿದ್ದಾಳೆ ಎಂದು ಈ ವಯಸ್ಸಿನಲ್ಲೂ ತಿಳಿಯುವ ಮೂರ್ಖ ನಾನು.

ಸುತ್ತಾದರೂ ಕುರುಗೋಡಿನ ಮೇಲೆ ಹೋಗಿ ಬಸವಣ್ಣನಿಗೆ ಕಾಯಿ ಒಡೆಸಿಕೊಂಡೇ ಹೋಗಬೇಕೆಂದಳು ಅವ್ವ. ನಮಗೆ ಹೊಸ ಗಾಡಿ, ದೂರದ ದಾರಿ, ನಾನೂ ಹೂಂ ಎಂದೆ. ಗುಡಿಯ ಹತ್ತಿರ ನಿಲ್ಲಿಸಿದಾಗ ಮೊಣಕಾಲು ನೋವೆಂದು ಅವಳು ವ್ಯಾನಿನಲ್ಲೇ ಕೂತಳು. ನಾವಿಬ್ಬರೂ ಒಳಗೆ ಹೋಗಿ ಬಂದೆವು. ಬಂದಾಗ ಅವ್ವ ಬಹಳ ಸಮಾಧಾನದಿಂದ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಮೊಣಕಾಲಿಗೆ ವಿಶ್ರಾಂತಿ ಸಿಕ್ಕಿತು ಎಂದುಕೊಂಡು ನಾನು ಗಾಡಿ ಬಿಟ್ಟೆ.

ಸಿರುಗುಪ್ಪದಲ್ಲಿ ಹಂದರದ ಕೆಳಗೆ ಕುರ್ಚಿ ಹಾಕಿ ನೆಂಟರಿಷ್ಟರೆಲ್ಲ ಕೂತಿದ್ದರು. ತರಕಾರಿ ಹೆಚ್ಚುತ್ತಿದ್ದ ಹೆಂಗಸರು ಈಳಿಗೆ ಸಮೇತ ಈಚೆ ತಿರುಗಿದರು. ನಾನು ಕೋಲು ಚಾಚಿದೆ. ಅಷ್ಟು ಹೊತ್ತಿಗೆ ಅದು ನನ್ನ ಮಾತು ಕೇಳುವಷ್ಟು ಪಳಗಿತ್ತು. ಮೂರನೇ ಮಹಡಿಯಿಂದ ತೌಡಿನ ಧೂಳು ಕೆಂಪಗೆ, ಕಂದಾಗಿ ಇಳಿದು ಬಂತು. ಮಕ್ಕಳು ಚಪ್ಪಾಳೆ ತಟ್ಟಿದರು. ವೀರೇಶ, "ಮಾಮಾರ, ಭಾರಿ ಐತಲ್ರಿ ಇದು" ಎಂದ. ಒಬ್ಬಾತ ಬಟ್ಟೆ ಹಿಡಿದು ಒರೆಸಲು ಬಂದಾಗ ನಾನು ಕೈ ಅಡ್ಡ ಹಿಡಿದು, "ಮುಟ್ಟಬ್ಯಾಡ್ರಿ, ತಾನ ಒಣಗ್ತೈತಿ" ಎಂದೆ. ಆ ಮಾತನ್ನು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ, ದೊಡ್ಡವ್ವನಿಗೂ ಕೇಳಲಿ ಎಂದು. ಶಿವಲೀಲಾ ಅತ್ತಿತ್ತ ಓಡಾಡುತ್ತಿದ್ದವಳು ನನ್ನ ಪಕ್ಕದಲ್ಲೇ ಬಂದು ನಿಂತಳು. ನಂತರ ನನ್ನನ್ನು ಊಟಕ್ಕೆ ಕರೆದೊಯ್ದರು. ರೊಟ್ಟಿಯ ಮೇಲೆ ಬೆಣ್ಣೆಯನ್ನು ಎರಡು ಸಲ ಹಾಕಿದರು.

ಊಟ ಮುಗಿಸಿ ಕೈ ತೊಳೆದು ಹೊರಗೆ ಬಂದರೆ ಎಲ್ಲರೂ ಮೇಲೆ ನೋಡುತ್ತಿದ್ದರು. ಗಾಜು ಒಣಗಿತ್ತು. ಮೂರನೇ ಮಹಡಿಯಿಂದ ನೆಲದವರೆಗೆ ಬೆಳ್ಳಗಿನ ಪಟ್ಟೆಗಳು, ಪಟ್ಟೆಗಳ ನಡುವೆ ಬೂದು ಬೂದು ಚುಕ್ಕೆಗಳು. ಧೂಳಿದ್ದಾಗಲಾದರೂ ಎಲ್ಲ ಒಂದೇ ಬಣ್ಣವಾಗಿತ್ತು. ನಾನು ಓಡಿಹೋಗಿ ಟ್ಯಾಂಕಿನ ಮುಚ್ಚಳ ತೆಗೆದು ಮೀಟರು ಅದ್ದಿದೆ. ಅದು ತೋರಿಸಿದ ಅಂಕಿಯನ್ನು ನಾನು ಯಾರಿಗೂ ತೋರಿಸಲಿಲ್ಲ. ಟ್ಯಾಂಕಿನ ಬಾಯಿಯ ಸುತ್ತ ಬೆರಳಾಡಿಸಿದೆ, ಬೆರಳು ಬೆಳ್ಳಗಾಯಿತು. ಮೂಗಿನ ಹತ್ತಿರ ಹಿಡಿದೆ. ವಿಭೂತಿ. ಗೃಹಪ್ರವೇಶದ ಪೂಜೆಗೆಂದು ತಂದಿದ್ದ ವಿಭೂತಿ ಗಟ್ಟಿಗಳ ಚೀಲ ಅವ್ವನ ತೊಡೆಯ ಮೇಲೆ ಈಗ ಖಾಲಿಯಾಗಿ ಮಡಚಿಕೊಂಡಿತ್ತು. ಅವ್ವ ನನ್ನ ಮುಖ ನೋಡದೆ, "ಬರೇ ನೀರು ಒಯ್ಯಬಾರದಲ್ಲಪ್ಪ" ಎಂದು ಮೆಲ್ಲಗೆ ಹೇಳಿದಳು.

ಅಷ್ಟರಲ್ಲಿ ದೊಡ್ಡವ್ವ ಶುರುಮಾಡಿದರು. "ಕಟ್ಟು ಹಾಕಾಂವಗ ಗಾಜು ತೊಳ್ಯಾಕ ಹಚ್ಚಿದ್ರ ಇನ್ನೇನಾಗ್ತೈತಿ? ನಾಳೆ ಸ್ವಾಮಿಗಳು ಬರೂ ಮನಿ. ಪಾಪ, ನಮ್ಮ ಹುಡುಗಿ..."

ನನಗೆ ಉತ್ತರವಿತ್ತು. ತಪ್ಪು ನೀರಿನದಲ್ಲ, ನನ್ನದಲ್ಲ, ಅವ್ವನದು ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದಳು. ನಾನು ಟ್ಯಾಂಕಿನ ಮುಚ್ಚಳ ಹಾಕಿದೆ. ಶಿವಲೀಲಾ ನನ್ನ ಬೆಳ್ಳಗಿನ ಬೆರಳು ನೋಡಿದಳು, ಅತ್ತೆಯ ಖಾಲಿ ಚೀಲ ನೋಡಿದಳು, ಆಮೇಲೆ ನೆರೆದವರ ಕಡೆ ತಿರುಗಿದಳು.

"ದೊಡ್ಡವ್ವ, ಅರ್ಧಾ ಕೆಲಸ ನೋಡಿ ಮಾತಾಡಬ್ಯಾಡ. ಮೊದಲನೇ ತೊಳ್ಯೂದು ವಿಭೂತಿ ನೀರಿನಾಗ, ಮನಿ ಶುದ್ಧಿಗೆ. ಒಂದು ರಾತ್ರಿ ಅದು ಹಂಗ ಇರಬೇಕು. ಎರಡನೇದು ನಾಳೆ ಮುಂಜಾನಿ, ಬರೇ ನೀರಿನಾಗ. ಬಳ್ಳಾರಿ ಕಡಿ ಹೊಸ ಮನಿಗೆ ಹಿಂಗ ಮಾಡ್ತಾರ. ನಾನ ಹೇಳಿ ಹಾಕಿಸೀನಿ."

ಬಳ್ಳಾರಿಯಲ್ಲಿ ಹುಟ್ಟಿ ಬೆಳೆದ ನಾನು ಈ ಪದ್ಧತಿಯನ್ನು ಅವತ್ತೇ ಮೊದಲು ಕೇಳಿದ್ದು. ದೊಡ್ಡವ್ವ ಗಾಜಿನ ಕಡೆ ಇನ್ನೊಮ್ಮೆ ನೋಡಿ, "ಮೊದಲ ಹೇಳಬಾರದ?" ಎಂದು ಸೆರಗು ಹೊದ್ದು ಕೈ ಮುಗಿದರು. ಅವರು ಮುಗಿದ ಮೇಲೆ ಉಳಿದವರೂ ಮುಗಿದರು. ಯಾರೋ ನನಗೂ ಸನ್ನೆ ಮಾಡಿದರು, ನಾನೂ ನನ್ನ ಕಲೆಗಳಿಗೆ ಕೈ ಮುಗಿದೆ.

ಆ ಸಂಜೆ ನಾನೊಬ್ಬನೇ ಬಳ್ಳಾರಿಗೆ ವಾಪಸು ಹೋಗಿ, ಟ್ಯಾಂಕನ್ನು ತಿಕ್ಕಿ ತೊಳೆದು, ಮತ್ತೆ ಸೊನ್ನೆ ನೀರು ತುಂಬಿಸಿಕೊಂಡು, ಬೆಳಕು ಹರಿಯುವ ಹೊತ್ತಿಗೆ ಸಿರುಗುಪ್ಪದಲ್ಲಿದ್ದೆ. ಹೋಮದ ಹೊಗೆ ಏಳುವುದರೊಳಗೆ ಎರಡನೇ ಸಲ ತೊಳೆದು ಮುಗಿಸಿದೆ. ಬಿಸಿಲು ಬಿದ್ದಾಗ ಎದುರಿನ ಭತ್ತದ ಗದ್ದೆ ಪೂರ್ತಿ ಗಾಜಿನೊಳಗೆ ಕಂಡಿತು, ಒಂದು ಚುಕ್ಕೆಯೂ ಇಲ್ಲದೆ. ನಾನು ದೊಡ್ಡವ್ವನ ಹತ್ತಿರ ಹೋಗಿ ನಿಂತೆ. ಅವರು ಬಹಳ ಹೊತ್ತು ನೋಡಿ, "ನಿನ್ನೆ ಇಭೂತಿ ನೀರು ಬಿದ್ದದ್ದಕ್ಕ ನೋಡು ಹೆಂಗ ಹೊಳ್ಯಾಕ ಹತ್ತೈತಿ" ಎಂದರು. ಶಿವಲೀಲಾಳ ಗಲ್ಲ ಮುಟ್ಟಿ, "ನಮ್ಮ ಹುಡುಗಿ ಶಾಣ್ಯಾಕಿ" ಎಂದರು. ಆ ಸಲ 'ಪಾಪ' ಎನ್ನಲಿಲ್ಲ. ಶಿವಲೀಲಾ ಒಳಗೆ ಹೋಗಿ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾನು, ಈಗ ತಾನೇ ತೊಳೆದ ಕಿಟಕಿಯಿಂದ, ಸ್ಪಷ್ಟವಾಗಿ ನೋಡಿದೆ.

ಅವತ್ತಿನಿಂದ ಕೆಲಸಕ್ಕೆ ಕೊರತೆಯಿಲ್ಲ. ಸಿರುಗುಪ್ಪ, ಕುರುಗೋಡು, ಈಚೆಗೆ ಹಲಕುಂದಿಯಿಂದಲೂ ಕರೆಯುತ್ತಾರೆ. ಎಲ್ಲರಿಗೂ ಎರಡು ತೊಳೆತ ಬೇಕು. ಒಂದೇ ಸಲ ಸಾಕು, ಶುದ್ಧ ನೀರಿನಲ್ಲೇ ಎಲ್ಲ ಆಗುತ್ತದೆ ಎಂದು ನಾನು ಹೇಳಿ ನೋಡಿದೆ, ಕೆಲಸ ಕದಿಯುತ್ತೀರೇನು ಎಂದರು. ಕೊನೆಗೆ ಶಿವಲೀಲಾಳೇ ದಾರಿ ಮಾಡಿದಳು. ಈಗ ಅವ್ವ ತಂಬಿಗೆಯಲ್ಲಿ ವಿಭೂತಿ ನೀರು ಕಲಸಿ ಕೊಡುತ್ತಾಳೆ, ಅದನ್ನು ನಾನು ಮೊದಲನೇ ತೊಳೆತವೆಂದು ಹೊಸ್ತಿಲಿಗೆ ಚಿಮುಕಿಸಿ ಆಮೇಲೆ ಪಂಪು ಹಚ್ಚುತ್ತೇನೆ. ವಿಚಾರಿಸಲು ಫೋನು ಮಾಡುವವರಿಗೆ ಶಿವಲೀಲಾಳ ನಂಬರನ್ನೇ ಕೊಟ್ಟಿದ್ದೇವೆ, ಪದ್ಧತಿಯ ವಿವರ ಗೊತ್ತಿರುವುದು ಅವಳೊಬ್ಬಳಿಗೇ ತಾನೇ.

ಮೊನ್ನೆ ನಾನು ಅಂಗಳದಲ್ಲಿ ಪೈಪು ಸುತ್ತುತ್ತಿದ್ದಾಗ ಕುರುಗೋಡಿನಿಂದ ಯಾರೋ ಅವಳಿಗೆ ಫೋನು ಮಾಡಿದ್ದರು. ಫೋನಿನ ಧ್ವನಿ ಜೋರಾಗಿತ್ತು, ನನಗೂ ಕೇಳುತ್ತಿತ್ತು. "ಅಕ್ಕಾರ, ಹೋದ ಸಲ ನಮ್ಮ ಬಾಜೂ ಮನಿಗೆ ಒಬ್ಬ ಡ್ರೈವರ್‌ನ ಕಳಸಿದ್ರಲ್ಲ, ವಯಸ್ಸಾದಾಂವ, ಮಾತು ಕಡಿಮಿ, ಹೇಳಿದ್ದು ಕೇಳ್ತಾನ. ಆತನ್ನ ಕಳಸ್ರಿ."

ಶಿವಲೀಲಾ ನನ್ನ ಕಡೆ ನೋಡಿದಳು. ಅವಳು ಏನು ಹೇಳುತ್ತಾಳೋ ಎಂದು ನಾನು ಪೈಪು ಬಿಟ್ಟು ನಿಂತೆ.

"ಆತನ್ನ ಕಳಸ್ತೀನ್ರಿ," ಎಂದಳು. "ಛಲೋ ಮನಷ್ಯಾ."

ಮದುವೆಯಾದಂದಿನಿಂದ ಅವಳು ನನ್ನನ್ನು ಪರರ ಮುಂದೆ ಹೊಗಳಿದ್ದು ಇದೇ ಮೊದಲು. ಆ ಡ್ರೈವರಿನ ಮೇಲೆ ನನಗೆ ಸಣ್ಣಗೆ ಹೊಟ್ಟೆಕಿಚ್ಚಾಯಿತು.