ಎರಡು ಬಾಯಿಯ ಕಾರು

ಒಂದೇ ಒಂದು ಮಾತು ಬರೆಯಬೇಕಿತ್ತು: ರೇಡಿಯೋ, ಇಲ್ಲವೇ ಟವರ್. ಆ ಒಂದು ಮಾತು ಪೆನ್ನಿನಿಂದ ಇಳಿಯದೆ 'ತಕ್ಕಡಿ' ಎಂದು ಎಲ್ಲರೂ ಕರೆಯುವವನ ಬೆಳಗೆಲ್ಲ ಹಾಳಾಗಿತ್ತು.

ಚಾಲಕನಿಲ್ಲದ ಕಾರು ಮಾಡುವ ಕಾರ್ಖಾನೆಯಲ್ಲಿ ಅವನು ಒಂಬತ್ತು ವರ್ಷದ ಹಂಗಾಮಿ ಎಂಜಿನಿಯರ್. ಯಾವುದನ್ನೂ ತೀರ್ಮಾನಿಸದೆ ತೂಗುತ್ತಲೇ ಇರುವವನಾದ್ದರಿಂದ ಆ ಅಡ್ಡಹೆಸರು. ಕಾರುಗಳು ಡಿಕ್ಕಿ ಹೊಡೆಯದಿರಲು 'ನಾನಿಲ್ಲಿದ್ದೇನೆ, ಈಗ ತಿರುಗುತ್ತೇನೆ' ಎಂದು ಒಂದಕ್ಕೊಂದು ಗಾಳಿಯಲ್ಲೇ ಹೇಳಿಕೊಳ್ಳಬೇಕು. ಪುಟ್ಟ ರೇಡಿಯೋದಲ್ಲಿ ನೇರವಾಗಿ ಹೇಳಲೋ, ಮೊಬೈಲ್ ಟವರಿನ ಬಾಯಲ್ಲಿ ಹೇಳಿಸಲೋ? ಆರಿಸುವ ಪಾಪ ಇವನ ತಲೆಗೆ. ಇವತ್ತಿನ ಪರೀಕ್ಷೆ ಗೆದ್ದರೆ ನೌಕರಿ ಖಾಯಂ, ಸೋತರೆ ಮನೆ ದಾರಿ.

"ಇವತ್ತಾದ್ರೂ ಒಂದಕ್ಕೆ ನಿಲ್ಲೋ. ನೀನು ಖಾಯಂ ಆಗೋದನ್ನ ಕಾದು ಕಾದು ನನ್ನ ತಲೆ ಬೆಳ್ಳಗಾಯ್ತು," ಎಂದು ಬುತ್ತಿ ಕೊಡುವಾಗ ಅಕ್ಕ ಹೇಳಿದ್ದಳು.

ರೇಡಿಯೋ ವಿಭಾಗದ ಮುಖ್ಯಸ್ಥ ರೇಡಿಯೋದಣ್ಣ ಮೇಜಿನ ಮೇಲೇ ಕೂತ. "ಪಕ್ಕದ ಮನೆಗೆ ಬೆಂಕಿ ಬಿದ್ರೆ ಕೂಗ್ತಾರೋ, ಅಂಚೆಗೆ ಕಾಗದ ಹಾಕ್ತಾರೋ? ರೇಡಿಯೋ ಅಂತ ಬರಿಯೋ!"

ಟವರ್ ವಿಭಾಗದ ಟವರಕ್ಕ ಬಿಡುವವಳೇ? "ಇವನ ಕೂಗು ಮೂಲೆ ತಿರುಗಿದ್ರೆ ಕೇಳಲ್ಲ ತಮ್ಮಾ. ಟವರ್ ಬರಿ. ಖಾಯಂ ಸಮಿತೀಲಿ ನಾನಿದೀನಿ."

"ನಾನೇನು ಸತ್ತಿದೀನಾ?" ಎಂದ ರೇಡಿಯೋದಣ್ಣ.

ಅತ್ತ ದರಿ, ಇತ್ತ ಪುಲಿ. ತಕ್ಕಡಿ ಕಣ್ಣು ಮುಚ್ಚಿ 'ಎರಡೂ' ಎಂದು ಬರೆದುಬಿಟ್ಟ.

ಜಿಟಿಜಿಟಿ ಮಳೆಯಲ್ಲೇ ಕಾರ್ಖಾನೆಯ ಮೈದಾನದಲ್ಲಿ ಪರೀಕ್ಷೆ ಶುರುವಾಯಿತು. ದೊಡ್ಡ ಸಾಹೇಬರು ಕಾರಿನೊಳಗೆ ಕೂತರು. ಕಾರು ಹತ್ತು ಹೆಜ್ಜೆ ಹೋಗಿ ಗಕ್ಕನೆ ನಿಂತು, ಹೆತ್ತವರು ಸತ್ತಂತೆ ಊಳಿಟ್ಟಿತು. ಬಾಗಿಲು ಬಿಗಿದುಕೊಂಡವು. "ಅಪಘಾತ! ಅಪಘಾತ!" ಎಂದು ಕೂಗಿತು ಕಾರು.

ತಕ್ಕಡಿ ಪರದೆ ನೋಡಿದ. ಒಂದೇ ಕಾರಿಗೆ ರೇಡಿಯೋ ವಿಭಾಗ ಕೊಟ್ಟ ನಂಬರು ಏಳು, ಟವರ್ ವಿಭಾಗ ಕೊಟ್ಟದ್ದು ಎಂಟು. ಏಳೂ ಎಂಟೂ ಒಂದೇ ಜಾಗದಲ್ಲಿವೆ ಎಂದು ಕೇಳಿಸಿಕೊಂಡ ಕಾರು, ತನಗೆ ತಾನೇ ಗುದ್ದಿಕೊಂಡೆನೆಂದು ನಂಬಿತ್ತು.

"ಅವರ ನಂಬರು ನಾವ್ಯಾಕೆ ಹಾಕೋಣ?" ಎಂದಳು ಟವರಕ್ಕ.

"ಇವಳ ನಂಬರು ಮುಟ್ಟಿದ್ರೆ ಸ್ನಾನ ಮಾಡ್ಬೇಕು," ಎಂದ ರೇಡಿಯೋದಣ್ಣ.

ಒಳಗೆ ಸಾಹೇಬರು ಗಾಜು ಗುದ್ದುತ್ತಿದ್ದರು. ತಕ್ಕಡಿ ಓಡಿಹೋಗಿ ಕಾರಿನ ನೆತ್ತಿಯಲ್ಲಿದ್ದ ರೇಡಿಯೋ, ಟವರ್ ತಂತಿ ಎರಡನ್ನೂ ಕಿತ್ತ. ಊಳು ನಿಂತಿತು, ಕಾರು ಹೊರಟಿತು, ಬಾಗಿಲು ಮಾತ್ರ ತೆರೆಯಲಿಲ್ಲ. ಈಗ ಅದು ಮೂಗ, ಕಿವುಡ. ಎದುರಿನಿಂದ ಇನ್ನೊಂದು ಕಾರು ಬರುತ್ತಿತ್ತು! ದಿಕ್ಕು ತೋಚದೆ ಅಂಗಿ ಬಿಚ್ಚಿ ಬೀಸುತ್ತ ತಕ್ಕಡಿ ಸಾಹೇಬರ ಕಾರಿನ ಮುಂದೆ ಮುಂದೆ ಓಡಿದ. ಕ್ಯಾಮೆರಾದಲ್ಲಿ ಮನುಷ್ಯನನ್ನು ಕಂಡ ಎರಡೂ ಕಾರು ಮೆಲ್ಲಗಾದವು, ಅಕ್ಕಪಕ್ಕ ಸರಿದವು. ಮೈದಾನ ಪೂರ್ತಿ ಸುತ್ತಿದ ಮೇಲೆ ಬಾಗಿಲು ತೆರೆಯಿತು.

"ಗೀರೂ ಬೀಳಲಿಲ್ಲ. ಪಾಸ್!" ಎಂದರು ಸಾಹೇಬರು.

ರೇಡಿಯೋ ಗೆಲ್ಲಲಿಲ್ಲವೆಂದು ಟವರಕ್ಕನಿಗೆ ಖುಷಿ. ಟವರ್ ಗೆಲ್ಲಲಿಲ್ಲವೆಂದು ರೇಡಿಯೋದಣ್ಣನಿಗೆ. ಹತ್ತೇ ನಿಮಿಷದಲ್ಲಿ ಖಾಯಂ ಆದೇಶ ಬಂತು. ಒಂಬತ್ತು ವರ್ಷದ ಕಣ್ಣೀರು ಒಮ್ಮೆಲೇ ಇಳಿದು, ತಕ್ಕಡಿಗೆ ಎರಡನೇ ಸಾಲು ಕಂಡದ್ದೇ ತಡವಾಗಿ: 'ಕೆಲಸ: ಕಾರಿನ ಮುಂದೆ ಓಡುವುದು. ಅವಧಿ: ರೇಡಿಯೋ, ಟವರ್ ವಿಭಾಗಗಳೆರಡೂ ಒಂದೇ ತಂತ್ರಜ್ಞಾನಕ್ಕೆ ಒಪ್ಪುವವರೆಗೆ.'

ಸಂಜೆ ಅಕ್ಕನ ಫೋನು ಬಂತು. "ಖಾಯಂ ಆಯ್ತೇನೋ?"

"ಆಯ್ತಕ್ಕ. ಸಾಯೋವರೆಗೂ."

"ಬಿಡ್ತು ಅನ್ನೋ! ಯಾಕೋ ಏದುಸಿರು? ಎಲ್ಲಿದೀಯ?"

"ಆಫೀಸಲ್ಲೇ ಇದೀನಕ್ಕ," ಎಂದ ತಕ್ಕಡಿ, ಓಡುತ್ತಲೇ.